ನವೆಂಬರ್ ಬಂತು, ನಮ್ಮ ಬಳಗದಲ್ಲಿ ಒಬ್ಬರ ಪಿಂಚಣಿಯೂ ನಿಲ್ಲಬಾರದು (ಕೊಪ್ಪಳ)

ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ನಮ್ಮ ನಿವೃತ್ತರ ಬಳಗದ ಈ ತಿಂಗಳ ಸುದ್ದಿ ಹಾಕುತ್ತಿದ್ದೇನೆ. ಪೂರ್ತಿ ಓದಿ. ಫೋನ್ ನೋಡದ ಸದಸ್ಯರು ನಿಮ್ಮ ಓಣಿಯಲ್ಲಿದ್ದರೆ ಹೋಗಿ ಬಾಯಿಮಾತಿನಲ್ಲಿ ಹೇಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಜೀವನ ಪ್ರಮಾಣ ಪತ್ರ, ಅಂದರೆ ನಾವು ಬದುಕಿದ್ದೇವೆ ಅಂತ ವರ್ಷಕ್ಕೊಮ್ಮೆ ಕೊಡುವ ಪತ್ರ. ಅದು ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಎರಡನೇ ಭಾನುವಾರ ಬೆಳಗಿನ ವಾಕಿಂಗ್ ಮುಗಿಸಿ ಎಂದಿನ ಜಾಗದಲ್ಲೇ ಕೂಡೋಣ. ಫೋನಿನಲ್ಲಿ ಮುಖ ತೋರಿಸಿ ಪ್ರಮಾಣ ಪತ್ರ ಕೊಡುವ ಕೆಲಸವನ್ನು ನಮ್ಮ ಪೋಸ್ಟ್‌ಮಾಸ್ಟರ್ ಸರ್ ನೋಡಿಕೊಳ್ಳುತ್ತಾರೆ. ಕಾಲೇಜು ಓದುವ ಇಬ್ಬರು ಮೊಮ್ಮಕ್ಕಳು ಜೊತೆಗಿರುತ್ತಾರೆ. ಯಾರಿಂದಲೂ ದುಡ್ಡು ತಗೊಳ್ಳುವುದಿಲ್ಲ.

ತಿಂಗಳ ಕೊನೆಗೆ ಇಟಗಿ ಮತ್ತು ಕುಕನೂರಿಗೆ ಒಂದು ದಿನದ ಪ್ರವಾಸ ಇದೆ. ಗವಿಮಠದ ಜಾತ್ರೆಗೆ ರೊಟ್ಟಿ ಕೊಡುವ ವಿಷಯವನ್ನೂ ಈಗಲೇ ಮಾತಾಡಬೇಕು. ಆದರೆ ಅವೆರಡೂ ಆಮೇಲೆ.

ಹೋದ ವರ್ಷ ನಮ್ಮ ಹಿರಿಯ ಸದಸ್ಯರೊಬ್ಬರ ಪಿಂಚಣಿ ಡಿಸೆಂಬರ್‌ನಲ್ಲಿ ನಿಂತಿತ್ತು. ಕಾಲು ಮುರಿದು ಮನೆಯಲ್ಲೇ ಇದ್ದರು, ಬ್ಯಾಂಕಿಗೆ ಹೋಗಲು ಆಗಿರಲಿಲ್ಲ. ಯಾರಿಗೂ ಹೇಳಲಿಲ್ಲ. ಅವರ ಮನೆಯವರು ಔಷಧಿ ಅಂಗಡಿಯಲ್ಲಿ ಉದ್ರಿ ಬರೆಸುವುದನ್ನು ನಮ್ಮಲ್ಲೊಬ್ಬರು ನೋಡಿದ ಮೇಲೇ ನಮಗೆ ಗೊತ್ತಾಗಿದ್ದು. ಮೂವತ್ತೈದು ವರ್ಷ ಸರ್ಕಾರದ ಕೆಲಸ ಮಾಡಿದ ಮನುಷ್ಯ ಸಕ್ಕರೆ ಕಾಯಿಲೆ ಮಾತ್ರೆಗೆ ಉದ್ರಿ ಕೇಳುವ ಹಾಗೆ ಆಗಬಾರದು. ಅದೂ ನಾವಿಷ್ಟು ಜನ ಊರಲ್ಲಿ ಇರುವಾಗ.

ಅದಕ್ಕೇ ಈ ಸಲ ಹೊರಗೆ ಬರಲಾಗದವರ ಪಟ್ಟಿ ಮಾಡುತ್ತಿದ್ದೇವೆ. ನಿಮಗೆ ಗೊತ್ತಿರುವವರನ್ನು ನನಗೆ ಫೋನ್ ಮಾಡಿ ತಿಳಿಸಿ.

ನಿವೃತ್ತ ಪೋಸ್ಟ್‌ಮಾಸ್ಟರ್

ಕಾರ್ಯದರ್ಶಿಗಳು ಸರಿಯಾದ ಮಾತು ಹೇಳಿದ್ದಾರೆ. ಬರುವವರು ಏನೇನು ತರಬೇಕು ಅಂತ ಬರೆಯುತ್ತೇನೆ.

ಆಧಾರ್ ಕಾರ್ಡ್, ಪಿಪಿಒ (ಪಿಂಚಣಿ ಮಂಜೂರಾದ ಆದೇಶದ ಪುಸ್ತಕ) ನಂಬರ್, ಪಿಂಚಣಿ ಬರುವ ಖಾತೆಯ ಪಾಸ್‌ಬುಕ್, ಮೆಸೇಜ್ ಬರುವ ನಿಮ್ಮ ಫೋನ್. ಇಷ್ಟು ಸಾಕು. ಫೋನ್ ಸಾದಾ ಇದ್ದರೂ ನಡೆಯುತ್ತದೆ, ಮುಖದ ಫೋಟೊ ನಮ್ಮ ಫೋನಿನಲ್ಲಿ ತೆಗೆಯುತ್ತೇವೆ. ಪಿಪಿಒ ಪುಸ್ತಕ ಹರಿದಿದ್ದರೂ ತನ್ನಿ. ನಂಬರ್ ಒಂದಂಕಿ ತಪ್ಪಾದರೂ ಆಮೇಲೆ ತಿರಸ್ಕಾರ ಆಗುತ್ತದೆ.

ಈ ಡಿಜಿಟಲ್ ಪದ್ಧತಿ 2014ರ ನವೆಂಬರ್‌ನಲ್ಲಿ ಶುರುವಾಯಿತು. ಆಗ ಬೆರಳು ಒತ್ತಬೇಕಿತ್ತು, ಇಲ್ಲವೇ ಕಣ್ಣು ತೋರಿಸಬೇಕಿತ್ತು. ಮುಖ ತೋರಿಸಿ ಮಾಡುವುದು ಬಂದದ್ದು 2021ರಲ್ಲಿ. ನನ್ನ ಕೇಳಿದರೆ ನಮ್ಮಂಥವರಿಗೆ ನಿಜವಾದ ಉಪಕಾರ ಆಗಿದ್ದು ಆಮೇಲೇ. ನಮ್ಮ ಬಳಗದಲ್ಲಿದ್ದ ಒಬ್ಬರು ತೀರಿಹೋದ ಮೇಲೆ ಅವರ ಮನೆಯವರಿಗೆ ಕುಟುಂಬ ಪಿಂಚಣಿ ಬರುತ್ತದೆ. ಆ ಆಯಿ ಹಳ್ಳಿಯಲ್ಲಿದ್ದಾರೆ. ಜೀವಮಾನವಿಡೀ ಬಿಸಿ ಹಂಚಿನ ಮೇಲೆ ರೊಟ್ಟಿ ತಿರುವಿದ ಕೈ, ಹೊಲದಲ್ಲಿ ಕಳೆ ಕಿತ್ತ ಕೈ. ಬೆರಳಿನ ಗೆರೆಗಳೇ ಸವೆದು ಹೋಗಿವೆ. ಹತ್ತೂ ಬೆರಳು ಒತ್ತಿಸಿದರೂ ಮಷಿನ್ ಒಪ್ಪಲಿಲ್ಲ. ಆಯಿ ಸೆರಗಿಗೆ ಬೆರಳು ಒರೆಸಿ ಒರೆಸಿ ಮತ್ತೆ ಇಡುತ್ತಿದ್ದರು. ಕೊನೆಗೆ ಬಾಗಿಲ ಹತ್ತಿರ ಬೆಳಕಿಗೆ ಕುರ್ಚಿ ಹಾಕಿ ಕೂರಿಸಿದೆವು. ಹಿಂದೆ ಬಿಳಿ ಗೋಡೆ. ಕಣ್ಣು ಪಿಳುಕಿಸಿ ಅಂದೆವು. ಒಂದೇ ಸಲಕ್ಕೆ ಆಯಿತು.

ಮನೆಯಲ್ಲೇ ಮಾಡಿಕೊಳ್ಳುವವರು ಇದನ್ನು ನೆನಪಿಡಿ: ಬೆಳಕು ಮುಖದ ಮೇಲೆ ಬೀಳಬೇಕು, ಬೆನ್ನ ಹಿಂದೆ ಕಿಟಕಿ ಇರಬಾರದು. ಆಗದೇ ಇರುವುದು ಹೆಚ್ಚಾಗಿ ಇದರಿಂದಲೇ.

ಡಿಪೋ ಡ್ರೈವರ್ (ನಿವೃತ್ತ)

ಸರ್, ನಾವು ಬಸ್ ಸಂಸ್ಥೆಯವರು. ನಮ್ಮದು ಇಪಿಎಸ್, ಅಂದರೆ ಪಿಎಫ್ ಕಡೆಯಿಂದ ಬರುವ ಪಿಂಚಣಿ. ನಾನು ಹೋದ ಸಲ ಜನವರಿಯಲ್ಲಿ ಕೊಟ್ಟಿದ್ದೆ. ಈಗ ನವೆಂಬರ್‌ನಲ್ಲಿ ಮತ್ತೆ ಕೊಡಬೇಕಾ?

ನಿವೃತ್ತ ಪೋಸ್ಟ್‌ಮಾಸ್ಟರ್

ಬೇಡ ಅಣ್ಣಾರೇ. ಇಪಿಎಸ್‌ನವರಿಗೆ ನವೆಂಬರ್ ಅನ್ನುವ ಕಟ್ಟು ಇಲ್ಲ. ವರ್ಷದಲ್ಲಿ ಯಾವಾಗ ಕೊಟ್ಟರೂ ಅಲ್ಲಿಂದ ಒಂದು ವರ್ಷ ನಡೆಯುತ್ತದೆ. ನಿಮ್ಮದು ಬರುವ ಜನವರಿ ತನಕ ಇದೆ. ಆದರೆ ಮರೆಯುವ ಭಯ ಇದ್ದರೆ ಎಲ್ಲರ ಜೊತೆ ಈ ಭಾನುವಾರವೇ ಮಾಡಿಸಿ. ಅವತ್ತಿನಿಂದ ಹೊಸ ವರ್ಷ ಲೆಕ್ಕ ಆಗುತ್ತದೆ, ಇನ್ಮೇಲೆ ಪ್ರತಿ ವರ್ಷ ನಮ್ಮ ಜೊತೆಗೇ ಬರುತ್ತದೆ.

ಕೇಂದ್ರ ಸರ್ಕಾರದ ಪಿಂಚಣಿದಾರರು, ಅಂದರೆ ರೈಲ್ವೆ, ಅಂಚೆಯವರು, ನವೆಂಬರ್ 1ರಿಂದ 30ರೊಳಗೆ ಕೊಡಬೇಕು. 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ ಇದೆ. ರಾಜ್ಯ ಸರ್ಕಾರದವರು, ಮಾಸ್ತರರು, ರೆವಿನ್ಯೂದವರು ಎಲ್ಲರೂ, ನಿಮ್ಮ ಬ್ಯಾಂಕ್ ಶಾಖೆಯಲ್ಲಿ ತಾರೀಖು ಕೇಳಿಕೊಂಡು ಬನ್ನಿ.

ಡಿಪೋ ಡ್ರೈವರ್ (ನಿವೃತ್ತ)

ತಿಳಿಯಿತು ಸರ್. ಭಾನುವಾರ ಬರುತ್ತೇನೆ. ನಮ್ಮ ಇಪಿಎಸ್‌ನವರಿಗೆ ಬರುವುದೇ ಸ್ವಲ್ಪ. 2014ರಲ್ಲಿ ಕನಿಷ್ಠ ಸಾವಿರ ರೂಪಾಯಿ ಅಂತ ಮಾಡಿದರು. ಆ ಸಾವಿರ ರೂಪಾಯಿಯನ್ನೇ ನಂಬಿಕೊಂಡಿರುವ ಮನೆಗಳು ನಮ್ಮ ಡಿಪೋದವರಲ್ಲೂ ಇವೆ. ಅದೂ ಒಂದು ತಿಂಗಳು ತಪ್ಪಿದರೆ ಬಹಳ ಕಷ್ಟ. ನಾನು ನಮ್ಮವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳುತ್ತೇನೆ.

ಕನ್ನಡ ಟೀಚರ್, ಭಾಗ್ಯನಗರ

ನನಗೊಂದು ಅನುಮಾನ. ನನಗೆ ನನ್ನ ಪಿಂಚಣಿ ಬರುತ್ತದೆ. ನಮ್ಮ ಯಜಮಾನರು ಹೋದ ಮೇಲೆ ಅವರ ಕುಟುಂಬ ಪಿಂಚಣಿಯೂ ಬರುತ್ತದೆ. ಒಂದು ಸಲ ಮುಖ ತೋರಿಸಿದರೆ ಎರಡಕ್ಕೂ ಆಗುತ್ತಾ?

ನಿವೃತ್ತ ಪೋಸ್ಟ್‌ಮಾಸ್ಟರ್

ಆಗುವುದಿಲ್ಲ ಅಕ್ಕಾರೇ. ಒಳ್ಳೆಯ ಪ್ರಶ್ನೆ ಕೇಳಿದಿರಿ. ಎರಡು ಪಿಪಿಒ ಇದ್ದರೆ ಎರಡು ಪ್ರಮಾಣ ಪತ್ರ ಬೇಕು. ಎರಡೂ ಪುಸ್ತಕ ತನ್ನಿ, ಒಂದಾದ ಮೇಲೆ ಇನ್ನೊಂದು ಮಾಡೋಣ. ಒಂದನ್ನೇ ಕೊಟ್ಟು ಎರಡೂ ಆಯಿತು ಅಂದುಕೊಂಡವರಿಗೆ ಕುಟುಂಬ ಪಿಂಚಣಿ ನಿಂತಿರುವುದನ್ನು ಕೆಲಸದಲ್ಲಿದ್ದಾಗ ಬಹಳ ನೋಡಿದ್ದೇನೆ.

ಆದ ಮೇಲೆ ಫೋನಿಗೆ ಪ್ರಮಾಣ ಐಡಿ, ಅಂದರೆ ಆ ಪ್ರಮಾಣ ಪತ್ರದ ನಂಬರ್, ಬರುತ್ತದೆ. ಆ ಮೆಸೇಜ್ ಅಳಿಸಬೇಡಿ. ಒಂದು ಚೀಟಿಯಲ್ಲಿ ಬರೆದು ಪಾಸ್‌ಬುಕ್‌ನೊಳಗೆ ಇಡಿ.

ಬ್ಯಾಂಕ್ ಕ್ಯಾಷಿಯರ್ (ನಿವೃತ್ತ)

ನನ್ನ ಮಾತೂ ಒಂದಿಷ್ಟು ಕೇಳಿ. ಫೋನ್ ಬೇಡ, ಕಾಗದದಲ್ಲೇ ಕೊಡುತ್ತೇನೆ ಅನ್ನುವವರು ಹಿಂಜರಿಯಬೇಡಿ. ಫಾರಂ ಪದ್ಧತಿ ಈಗಲೂ ಇದೆ. ನಿಮ್ಮ ಪಿಂಚಣಿ ಬ್ಯಾಂಕಿನ ಯಾವ ಶಾಖೆಯಲ್ಲಿ ಕೊಟ್ಟರೂ ತಗೊಳ್ಳಬೇಕು. ಮಗನ ಮನೆಗೆ ಅಂತ ಹುಬ್ಬಳ್ಳಿಗೆ ಹೋದವರು ಅಲ್ಲಿನ ಶಾಖೆಯಲ್ಲೇ ಕೊಡಬಹುದು. ಕೊಟ್ಟ ಮೇಲೆ ಸ್ವೀಕೃತಿ ಕೇಳಿ ಪಡೆಯಿರಿ. ಕೌಂಟರ್ ಮುಂದೆ ಜನ ಜಾಸ್ತಿ ಇರುತ್ತಾರೆ, ಸಂಕೋಚ ಆಗುತ್ತದೆ, ನಿಜ. ಆದರೂ ಕೇಳಿ. ಫಾರಂ ಎಲ್ಲೋ ಸೇರಿಕೊಂಡರೆ ನಿಮ್ಮ ಕೈಯಲ್ಲಿ ಇರುವ ಆಧಾರ ಅದೊಂದೇ.

ಇನ್ನು ನಿಂತ ಪಿಂಚಣಿ ಹೋಯಿತು ಅಂತ ಯಾರೂ ಎದೆಗುಂದಬೇಡಿ. ಪ್ರಮಾಣ ಪತ್ರ ಕೊಟ್ಟ ಮೇಲೆ ಬಾಕಿ ಸಮೇತ ಬರುತ್ತದೆ. ನಡುವಿನ ತಿಂಗಳು ಕೈಸಾಲ ಮಾಡಬೇಕಾಗುತ್ತಲ್ಲ, ಅದು ತಪ್ಪಬೇಕು ಅನ್ನುವುದಷ್ಟೇ ನಮ್ಮ ಆಸೆ.

ಸದಸ್ಯರೊಬ್ಬರ ಮಗಳು, ಬೆಂಗಳೂರು

ನಮಸ್ಕಾರ ಅಂಕಲ್. ಅಪ್ಪ ನಿಮ್ಮ ಬಳಗದವರು. ಪಾರ್ಶ್ವವಾಯು ಆದ ಮೇಲೆ ಹಾಸಿಗೆ ಬಿಟ್ಟು ಏಳುತ್ತಿಲ್ಲ. ಹಗಲು ನೋಡಿಕೊಳ್ಳಲು ಒಬ್ಬರು ಇದ್ದಾರೆ, ಅವರಿಗೆ ಓದು ಬರಹ ಬರುವುದಿಲ್ಲ. ನನಗೆ ಈ ತಿಂಗಳು ರಜೆ ಸಿಗುತ್ತಿಲ್ಲ. ನಾನು ಇಲ್ಲಿಂದಲೇ ವಿಡಿಯೋ ಕಾಲ್‌ನಲ್ಲಿ ಮಾಡಲು ಬರುತ್ತಾ?

ನಿವೃತ್ತ ಪೋಸ್ಟ್‌ಮಾಸ್ಟರ್

ಬರುವುದಿಲ್ಲಮ್ಮಾ. ಯಾರ ಪಿಂಚಣಿಯೋ ಅವರ ಮುಖ ಆ ಫೋನಿನ ಎದುರಿಗೇ ಇರಬೇಕು. ಆದರೆ ಹಾಸಿಗೆಯಲ್ಲೇ ಮಾಡಬಹುದು. ತಲೆದಿಂಬು ಸ್ವಲ್ಪ ಎತ್ತರಿಸಿ, ಕಣ್ಣು ತೆರೆದಿರುವಾಗ ಹಿಡಿದರೆ ಸಾಕು. ನಾನೇ ಬರುತ್ತೇನೆ.

ಮನೆ ಬಾಗಿಲಿಗೆ ಬಂದು ಮಾಡಿಕೊಡುವ ಸೇವೆ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕಿನಲ್ಲೂ ಇದೆ. 70 ರೂಪಾಯಿ ತಗೊಳ್ಳುತ್ತಾರೆ. ಬೇರೆ ಊರಲ್ಲಿ ತಂದೆ ತಾಯಿ ಇರುವವರು ಹತ್ತಿರದ ಪೋಸ್ಟ್ ಆಫೀಸಿನಲ್ಲಿ ಅಥವಾ ಪೋಸ್ಟ್‌ಮ್ಯಾನ್ ಹತ್ತಿರ ಹೇಳಿದರೆ ಆಗುತ್ತದೆ. ನಿಮ್ಮ ಅಪ್ಪನಿಗೆ ಅದೂ ಬೇಡ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಪೇಪರ್ ಓದಿದವರು.

ಕಾರ್ಯದರ್ಶಿ

ಪಟ್ಟಿಗೆ ಸೇರಿಸಿಕೊಂಡೆ ತಂಗಿ. ಶನಿವಾರ ಸಂಜೆ ನಾವಿಬ್ಬರೂ ಬರುತ್ತೇವೆ. ಪಿಪಿಒ ಪುಸ್ತಕ ಎಲ್ಲಿದೆ ಅಂತ ನೋಡಿಕೊಳ್ಳುವವರಿಗೆ ಫೋನಿನಲ್ಲಿ ಹೇಳಿಡಿ. ನಂಬರ್‌ಗಳನ್ನು ಇಲ್ಲಿ ಹಾಕಬೇಡಿ.

ರೈಲ್ವೆ ನಿವೃತ್ತರು

ನಂಬರ್ ಹಾಕಬೇಡಿ ಅಂದಿದ್ದು ಒಳ್ಳೆಯದಾಯಿತು. ನನಗೆ ಹೋದ ವಾರ ಒಂದು ಫೋನ್ ಬಂತು. ‘ನಿಮ್ಮ ಪಿಂಚಣಿ ಆಫೀಸಿನಿಂದ ಮಾತಾಡುತ್ತಿದ್ದೇವೆ, ಜೀವನ ಪ್ರಮಾಣ ಪತ್ರ ಅಪ್‌ಡೇಟ್ ಆಗಿಲ್ಲ, ಇವತ್ತೇ ಮಾಡದಿದ್ದರೆ ಪಿಂಚಣಿ ಬಂದ್’ ಅಂದರು. ನನ್ನ ಹೆಸರು, ನಿವೃತ್ತಿಯಾದ ವರ್ಷ ಎಲ್ಲ ಸರಿಯಾಗಿ ಹೇಳಿದರು. ಆಮೇಲೆ ಒಟಿಪಿ ಹೇಳಿ ಅಂದರು. ಫೋನ್ ಇಟ್ಟುಬಿಟ್ಟೆ. ನವೆಂಬರ್‌ನಲ್ಲೇ ಇಂಥ ಕರೆ ಜಾಸ್ತಿ, ನಮಗೆ ಅದೇ ಚಿಂತೆ ಇರುತ್ತದೆ ಅಂತ ಅವರಿಗೆ ಗೊತ್ತು.

ಬ್ಯಾಂಕ್ ಕ್ಯಾಷಿಯರ್ (ನಿವೃತ್ತ)

ಸರಿಯಾಗಿ ಮಾಡಿದಿರಿ ಸರ್. ಇಲ್ಲಿ ಒಂದು ಗೊಂದಲ ಆಗುವುದುಂಟು. ನಾವು ಭಾನುವಾರ ಮಾಡುವಾಗಲೂ ನಿಮ್ಮ ಫೋನಿಗೆ ಒಟಿಪಿ ಬರುತ್ತದೆ. ಹಾಗಾದರೆ ಅದನ್ನು ಹೇಳಬಹುದಾ ಅಂತ ನೀವು ಕೇಳಬಹುದು. ನಿಮ್ಮ ಎದುರಿಗೆ ಕೂತ, ನಿಮಗೆ ಗೊತ್ತಿರುವ ಮನುಷ್ಯ, ನಿಮ್ಮ ಕಣ್ಣ ಮುಂದೆಯೇ ಆ ಆ್ಯಪ್‌ನಲ್ಲಿ ಹಾಕುವುದು ಬೇರೆ. ಫೋನಿನಲ್ಲಿ ಕೇಳುವವನಿಗೆ ಹೇಳುವುದು ಬೇರೆ. ಕರೆ ಮಾಡಿ ಯಾರೇ ಕೇಳಿದರೂ, ಎಷ್ಟೇ ದೊಡ್ಡ ಆಫೀಸಿನ ಹೆಸರು ಹೇಳಿದರೂ, ಕೊಡಬಾರದು. ಬರುವ ಮೆಸೇಜ್ ಯಾವುದಕ್ಕೆ ಅಂತ ಅದರಲ್ಲೇ ಬರೆದಿರುತ್ತದೆ. ಅದನ್ನು ಪೂರ್ತಿ ಓದಿ, ಕನ್ನಡಕ ಹಾಕಿಕೊಂಡು ಓದಿ.

ಪೊಲೀಸ್ ವೇಷದಲ್ಲಿ ವಿಡಿಯೋ ಕಾಲ್ ಮಾಡಿ ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸುತ್ತಾರೆ. ನಮ್ಮ ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಚಿಕೆಯಿಂದ ಮಕ್ಕಳಿಗೂ ಹೇಳದೆ ಎರಡು ದಿನ ಕೂತರೆ ಆ ದುಡ್ಡು ಹಿಡಿಯುವುದು ಕಷ್ಟ. ಮೊದಲ ಒಂದೆರಡು ಗಂಟೆಯಲ್ಲಿ ಹೇಳಿದರೆ ಖಾತೆ ತಡೆಯುವ ಸಾಧ್ಯತೆ ಇರುತ್ತದೆ.

ಕನ್ನಡ ಟೀಚರ್, ಭಾಗ್ಯನಗರ

ಒಂಟಿಯಾಗಿ ಇರುವ ಹೆಣ್ಣುಮಕ್ಕಳಿಗೆ ಈ ಕರೆ ಬಂದರೆ ಬಹಳ ಹೆದರುತ್ತಾರೆ. ಅವರಿಗೆ ನಮ್ಮಲ್ಲಿ ಒಬ್ಬರ ನಂಬರ್ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿಬಿಡೋಣ. ಕೆಳಗೆ 1930, ಹಿರಿಯರ ಸಹಾಯವಾಣಿ 14567 ಎರಡನ್ನೂ ಬರೆಯೋಣ. ನಾನು ಭಾಗ್ಯನಗರದ ಮನೆಗಳಿಗೆ ಹೋಗುತ್ತೇನೆ.

ರೈಲ್ವೆ ನಿವೃತ್ತರು

ಇನ್ನೊಂದು ವಿಷಯ ಬರೆಯಲೇಬೇಕು. ಬಹಳ ಜನರಿಗೆ ಗೊತ್ತಿಲ್ಲ. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ 80 ತುಂಬಿದ ಮೇಲೆ ಮೂಲ ಪಿಂಚಣಿಯ ಶೇ. 20 ಹೆಚ್ಚುವರಿ ಸಿಗುತ್ತದೆ. 85ಕ್ಕೆ ಶೇ. 30, 90ಕ್ಕೆ ಶೇ. 40, 95ಕ್ಕೆ ಶೇ. 50. ನೂರು ತುಂಬಿದರೆ ಇನ್ನೊಂದು ಮೂಲ ಪಿಂಚಣಿಯಷ್ಟೇ. ಕುಟುಂಬ ಪಿಂಚಣಿಗೂ ಇದೇ ಲೆಕ್ಕ.

ತೊಡಕು ಎಲ್ಲಿ ಅಂದರೆ, ಹಳೆಯ ಪಿಪಿಒಗಳಲ್ಲಿ ಹೆಂಡತಿಯ ಹುಟ್ಟಿದ ತಾರೀಖು ಬರೆದಿರುವುದೇ ಇಲ್ಲ. ಗಂಡ ಹೋದ ಮೇಲೆ ಆಯಿಗೆ ಎಂಬತ್ತೈದಾದರೂ ಬ್ಯಾಂಕಿನ ಕಂಪ್ಯೂಟರಿಗೆ ಅದು ತಿಳಿಯುವುದಿಲ್ಲ. ನನ್ನ ಜೊತೆ ಕೆಲಸ ಮಾಡಿದವರೊಬ್ಬರ ಮನೆಯಲ್ಲಿ ಹೀಗೇ ಆಗಿತ್ತು. ಆಧಾರ್, ಪಿಪಿಒ ಎರಡನ್ನೂ ಸೇರಿಸಿ ಅರ್ಜಿ ಕೊಟ್ಟು ತಿದ್ದಿಸಿದೆವು. ಹಿಂದಿನ ಬಾಕಿಯೂ ಬಂತು. ಭಾನುವಾರ ಪಿಪಿಒ ತಂದಾಗ ಆ ಸಾಲು ಇದೆಯಾ ಅಂತ ಎಲ್ಲರದ್ದೂ ನೋಡೋಣ. ಗಂಡಸರು ಇದನ್ನು ಬದುಕಿರುವಾಗಲೇ ಸರಿ ಮಾಡಿಸಿಡಬೇಕು. ಆಮೇಲೆ ಅಲೆಯುವವರು ಹೆಣ್ಣುಮಕ್ಕಳು.

ಹೈಸ್ಕೂಲ್ ಮಾಸ್ತರ್ (ನಿವೃತ್ತ)

ಈ ಕೆಲಸಕ್ಕೆ ನಾನೂ ಬರುತ್ತೇನೆ, ಫಾರಂ ತುಂಬಿಕೊಡುತ್ತೇನೆ. ಈಗ ಪ್ರವಾಸದ ಮಾತು ಆಡಬಹುದಾ?

ಇಟಗಿಯ ಮಹಾದೇವ ದೇವಾಲಯ ನಮ್ಮ ಜಿಲ್ಲೆಯಲ್ಲೇ ಇದೆ. ಆದರೂ ನಮ್ಮಲ್ಲಿ ಅರ್ಧಕ್ಕರ್ಧ ಜನ ನೋಡಿಲ್ಲ. 1112ರಲ್ಲಿ ಕಟ್ಟಿದ್ದು. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ. ಅಲ್ಲಿನ ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಅಂತ ಕರೆಯುತ್ತದೆ. ತೆರೆದ ಮಂಟಪದ ಕಂಬಗಳ ಹತ್ತಿರ ನಿಂತು ನೋಡಬೇಕು. ಕಲ್ಲನ್ನು ಚರಕಿಯಲ್ಲಿ ತಿರುಗಿಸಿ ಕಡೆದ ಹಾಗೆ ಉಂಗುರ ಉಂಗುರವಾಗಿ ಇವೆ. ಬೆರಳಿಟ್ಟರೆ ಇಷ್ಟು ಶತಮಾನದ ಮೇಲೂ ನುಣುಪು ತಿಳಿಯುತ್ತದೆ. ನನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುತ್ತಿದ್ದೆ. ಎಷ್ಟೇ ಗದ್ದಲ ಮಾಡುವ ಮಕ್ಕಳೂ ಆ ಕಂಬಗಳ ಮುಂದೆ ಕಣ್ಣರಳಿಸಿ ನಿಲ್ಲುತ್ತಿದ್ದರು.

ಹೋಗುವ ದಾರಿಯಲ್ಲೇ ಕುಕನೂರು. ಅಲ್ಲಿನ ನವಲಿಂಗ ಗುಡಿಗಳು ಇನ್ನೂ ಹಳೆಯವು, ರಾಷ್ಟ್ರಕೂಟರ ಕಾಲದವು. ಮಹಾಮಾಯಿ ದರ್ಶನವೂ ಆಗುತ್ತದೆ.

ಕನ್ನಡ ಟೀಚರ್, ಭಾಗ್ಯನಗರ

ಮಾಸ್ತರರೇ, ಮಂಡಿ ನೋವಿನವರು ಬರಬಹುದಾ? ನಡೆಯುವುದು ಎಷ್ಟಿದೆ?

ಹೈಸ್ಕೂಲ್ ಮಾಸ್ತರ್ (ನಿವೃತ್ತ)

ಬೆಟ್ಟ ಹತ್ತುವುದಿಲ್ಲ ಅಕ್ಕಾರೇ. ಅಂಜನಾದ್ರಿ ಹಾಗೆ 575 ಮೆಟ್ಟಿಲು ಇಲ್ಲಿಲ್ಲ. ಸಮತಟ್ಟು ನೆಲ, ಗುಡಿಯ ಕಟ್ಟೆಗೆ ಕೆಲವೇ ಮೆಟ್ಟಿಲು. ಸುತ್ತ ಹುಲ್ಲುಹಾಸು ಇದೆ, ಕೂರಬಹುದು. ಬಿಸಿಲು ಏರುವ ಮೊದಲೇ ಇಟಗಿ ಮುಗಿಸಿ ಕುಕನೂರಿನಲ್ಲಿ ಊಟ ಮಾಡೋಣ. ಬುತ್ತಿ ಕಟ್ಟಿಕೊಂಡು ಹೋಗೋಣ ಅನ್ನುವುದು ನನ್ನ ಅಭಿಪ್ರಾಯ.

ಡಿಪೋ ಡ್ರೈವರ್ (ನಿವೃತ್ತ)

ಟೆಂಪೊ ಮಾಡುವುದಾ, ಬಸ್ಸಾ? ಬಸ್ಸಾದರೆ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ದುಡ್ಡಿಲ್ಲ. 60 ದಾಟಿದ ಗಂಡಸರಿಗೆ ಟಿಕೆಟ್‌ನಲ್ಲಿ ಶೇ. 25 ರಿಯಾಯಿತಿ ಇದೆ, ವಯಸ್ಸಿನ ಗುರುತಿನ ಚೀಟಿ ತೋರಿಸಬೇಕು. ಖರ್ಚು ಬಹಳ ಕಡಿಮೆ. ಆದರೆ ಕುಕನೂರಿನಿಂದ ಇಟಗಿಗೆ ಇನ್ನೊಂದು ಗಾಡಿ ಹಿಡಿಯಬೇಕು, ಬಸ್ಸಿಗೆ ಕಾಯಬೇಕು. ವಯಸ್ಸಾದವರನ್ನು ನಿಲ್ದಾಣದಲ್ಲಿ ಬಿಸಿಲಿಗೆ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ಮೆಟ್ಟಿಲು ತಗ್ಗಿರುವ ಟೆಂಪೊ ನೋಡುತ್ತೇನೆ.

ಬ್ಯಾಂಕ್ ಕ್ಯಾಷಿಯರ್ (ನಿವೃತ್ತ)

ಟೆಂಪೊಗೆ ನನ್ನ ಒಪ್ಪಿಗೆ. ಆದರೆ ವಂತಿಗೆ ಎಲ್ಲರಿಗೂ ಒಂದೇ ಇಡಬೇಡಿ. ಪೂರ್ತಿ ಪಿಂಚಣಿ ಬರುವ ನಾವು ಸ್ವಲ್ಪ ಜಾಸ್ತಿ ಹಾಕೋಣ. ಇಪಿಎಸ್‌ನವರು, ಕುಟುಂಬ ಪಿಂಚಣಿಯ ಹೆಣ್ಣುಮಕ್ಕಳು ದುಡ್ಡಿಗೆ ಹಿಂಜರಿದು ಮನೆಯಲ್ಲಿ ಉಳಿಯಬಾರದು. ಯಾರು ಎಷ್ಟು ಕೊಟ್ಟರು ಅಂತ ಇಲ್ಲಿ ಹಾಕುವುದೂ ಬೇಡ. ನನ್ನ ಹತ್ತಿರ ಕೊಡಿ, ಲೆಕ್ಕ ಕಾರ್ಯದರ್ಶಿಗಳಿಗೆ ಮಾತ್ರ ತೋರಿಸುತ್ತೇನೆ.

ಕಾರ್ಯದರ್ಶಿ

ಹಾಗೇ ಮಾಡೋಣ. ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಆರೂವರೆಗೆ ಅಶೋಕ ಸರ್ಕಲ್‌ನಲ್ಲಿ ಸೇರುವುದು. ಬಿಪಿ, ಶುಗರ್ ಮಾತ್ರೆ ಮರೆಯದೆ ತನ್ನಿ.

ಇನ್ನು ಜಾತ್ರೆ. ಬನದ ಹುಣ್ಣಿಮೆ ಆಗಿ ಬಿದಿಗೆ ದಿನ ಗವಿಸಿದ್ಧೇಶ್ವರ ತೇರು. ಮಹಾದಾಸೋಹಕ್ಕೆ ಹಳ್ಳಿ ಹಳ್ಳಿಯಿಂದ ಗಾಡಿಗಟ್ಟಲೆ ರೊಟ್ಟಿ ಬರುವುದು ನಿಮಗೆಲ್ಲ ಗೊತ್ತು. ನಮ್ಮ ಬಳಗದ ರೊಟ್ಟಿ ಹೇಗೆ ಮಾಡೋಣ?

ಕನ್ನಡ ಟೀಚರ್, ಭಾಗ್ಯನಗರ

ಮನೆಗೆ ಇಷ್ಟು ರೊಟ್ಟಿ ಅಂತ ಹಂಚುವುದು ಈ ವರ್ಷ ಬೇಡ ಸರ್. ಹೇಳುವುದು ನಿಮಗೆ ಸುಲಭ. ಬಡಿಯುವವರು ನಾವು, ನಮಗೂ ಭುಜ ನೋವು. ಬಡಿಯಲಿಕ್ಕೆ ಆಗುವವರು ಭಕ್ತಿಯಿಂದ ಮಾಡಲಿ. ಉಳಿದವರು ಜೋಳ ಕೊಡಲಿ. ರೊಟ್ಟಿ ಮಾಡಿಯೇ ಸಂಸಾರ ನಡೆಸುವ ಹೆಣ್ಣುಮಕ್ಕಳು ನಮ್ಮ ಓಣಿಯಲ್ಲಿ ಇದ್ದಾರೆ. ಅವರಿಗೆ ಕೂಲಿ ಕೊಟ್ಟು ಮಾಡಿಸೋಣ. ದಾಸೋಹಕ್ಕೆ ಕಡಕ್ ರೊಟ್ಟಿಯೂ ಆಯಿತು, ಅವರ ಮನೆಗೂ ನಾಲ್ಕು ದುಡ್ಡಾಯಿತು.

ರೈಲ್ವೆ ನಿವೃತ್ತರು

ಬಹಳ ಸರಿಯಾದ ಮಾತು. ನನ್ನ ಲೆಕ್ಕಕ್ಕೆ ಒಂದು ಚೀಲ ಜೋಳ ಬರೆದುಕೊಳ್ಳಿ. ಗಂಡಸರು ಬಡಿಸುವ ಸೇವೆಗೆ ಹೆಸರು ಕೊಡೋಣ. ನಿಲ್ಲಲು ಆಗದವರು ಕೂತು ತರಕಾರಿ ಹೆಚ್ಚಬಹುದು.

ಸದಸ್ಯರೊಬ್ಬರ ಮಗಳು, ಬೆಂಗಳೂರು

ಅಂಕಲ್, ನಿನ್ನೆ ಸಂಜೆ ನೀವು ಬಂದಿದ್ದನ್ನು ಅಪ್ಪನನ್ನು ನೋಡಿಕೊಳ್ಳುವವರು ಹೇಳಿದರು. ಪ್ರಮಾಣ ಐಡಿ ಮೆಸೇಜ್ ನನ್ನ ಫೋನಿಗೂ ಬಂದಿದೆ. ಅಪ್ಪ ಪೋಸ್ಟ್‌ಮಾಸ್ಟರ್ ಅಂಕಲ್ ಕೈ ಬಿಡಲೇ ಇಲ್ಲವಂತೆ. ಜಾತ್ರೆಗೆ ನಾನು ಊರಿಗೆ ಬರುತ್ತಿದ್ದೇನೆ. ರೊಟ್ಟಿ ಬಡಿಯುವುದಕ್ಕೆ ನನ್ನ ಹೆಸರೂ ಬರೆದುಕೊಳ್ಳಿ.

ನಿವೃತ್ತ ಪೋಸ್ಟ್‌ಮಾಸ್ಟರ್

ಆಗಲಮ್ಮಾ. ನಿಮ್ಮ ಅಪ್ಪನ ಮಾತು ತೊದಲುತ್ತದೆ, ಆದರೆ ಮೊದಲಿಗಿಂತ ಚೆನ್ನಾಗಿ ತಿಳಿಯುತ್ತದೆ. ದಿನಾ ಸಂಜೆ ನಮ್ಮಲ್ಲಿ ಒಬ್ಬರು ಹೋಗಿ ಅರ್ಧ ತಾಸು ಪೇಪರ್ ಓದಿ ಬರುವುದು ಅಂತ ಮಾತಾಡಿಕೊಂಡಿದ್ದೇವೆ.

ಇವತ್ತು ಬಂದಿದ್ದವರಲ್ಲಿ ಒಬ್ಬರದ್ದು ಬಿಟ್ಟು ಎಲ್ಲರದ್ದೂ ಆಗಿದೆ. ಅವರ ಆಧಾರ್‌ನ ಹೆಸರಿಗೂ ಪಿಪಿಒ ಹೆಸರಿಗೂ ಹೊಂದಿಕೆ ಇಲ್ಲ, ಅವರು ಬ್ಯಾಂಕಿನಲ್ಲಿ ಕಾಗದದ ಫಾರಂ ಕೊಡುತ್ತಾರೆ. ಕ್ಯಾಷಿಯರ್ ಸರ್ ಸೋಮವಾರ ಅವರ ಜೊತೆ ಹೋಗುತ್ತಿದ್ದಾರೆ. ಮೂರು ಜನರ ಪಿಪಿಒದಲ್ಲಿ ಹೆಂಡತಿಯ ಹುಟ್ಟಿದ ತಾರೀಖು ಇಲ್ಲ, ಮಾಸ್ತರರು ಅರ್ಜಿ ಬರೆದಿದ್ದಾರೆ.

ಕಾರ್ಯದರ್ಶಿ

ಮನೆಗೆ ಹೋಗಬೇಕಾದವರ ಪಟ್ಟಿಯಲ್ಲಿ ಕಿನ್ನಾಳ ಕಡೆಯ ಎರಡು ಮನೆ, ಹುಲಿಗಿಯ ಒಂದು ಮನೆ ಉಳಿದಿವೆ. ಬುಧವಾರ ಹೋಗುತ್ತೇವೆ. ಡ್ರೈವರ್ ಅಣ್ಣಾರು ತಮ್ಮ ಅಳಿಯನ ಕಾರು ತರುತ್ತೇನೆ ಅಂದಿದ್ದಾರೆ. ಇನ್ನೂ ಯಾರಾದರೂ ಬಿಟ್ಟುಹೋಗಿದ್ದರೆ ಮಂಗಳವಾರ ರಾತ್ರಿಯೊಳಗೆ ಹೇಳಿ.

ಡಿಪೋ ಡ್ರೈವರ್ (ನಿವೃತ್ತ)

ನಮ್ಮ ಡಿಪೋದಲ್ಲಿದ್ದ ಒಬ್ಬರು ಈಗ ಮಗಳ ಮನೆಯಲ್ಲಿ ಇದ್ದಾರೆ, ಯಲಬುರ್ಗಾ ಕಡೆ. ಫೋನ್ ಹತ್ತುತ್ತಿಲ್ಲ. ಅವರದ್ದೂ ಈ ತಿಂಗಳೇ ವರ್ಷ ಮುಗಿಯುತ್ತದೆ. ಬುಧವಾರ ಕಿನ್ನಾಳ ಮುಗಿಸಿ ಅಲ್ಲಿಗೂ ಹೋಗಿ ಬರೋಣ ಸರ್. ಡೀಸೆಲ್ ನನ್ನದು.